ಹತ್ತು ಆಂಪೂಲಿನ ಪರೀಕ್ಷೆ: ಹಳ್ಳಿ ಆಸ್ಪತ್ರೆ ನಡೆಸುವ ಫ್ಯಾಮಿಲಿ ಡಾಕ್ಟರಿಗೆ ಬೆಂಗಳೂರಿನ ತರಬೇತಿಗಳು ಎಷ್ಟು ಉಪಯೋಗ?

ರಾತ್ರಿ ಎರಡು ಗಂಟೆ. ಎಂಟು ತಿಂಗಳ ಗರ್ಭಿಣಿಗೆ ಫಿಟ್ಸ್ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆತರುತ್ತಾರೆ. ಏನು ಮಾಡಬೇಕೆನ್ನುವುದು ಪಠ್ಯದಲ್ಲೇ ಇದೆ: ಮೆಗ್ನೀಷಿಯಂ ಸಲ್ಫೇಟ್ 10 ಗ್ರಾಂ, ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ ಆಳವಾಗಿ ಸ್ನಾಯುವಿಗೆ ಕೊಟ್ಟು, ತಡಮಾಡದೆ ದೊಡ್ಡಾಸ್ಪತ್ರೆಗೆ ಕಳಿಸುವುದು. 50% ದ್ರಾವಣದ 2 ಮಿಲಿ ಆಂಪೂಲಿನಲ್ಲಿ ಇರುವುದು 1 ಗ್ರಾಂ. ಅಂದರೆ ಹತ್ತು ಆಂಪೂಲು ಬೇಕು. ಡೋಸು ಗೊತ್ತಿಲ್ಲದ ವೈದ್ಯರು ಕಡಿಮೆ. ಆದರೆ ಆ ಹತ್ತೂ ಆಂಪೂಲು ಹೆರಿಗೆ ಕೋಣೆಯ ಟ್ರೇಯಲ್ಲೇ ಇವೆಯೇ, ಮೆಗ್ನೀಷಿಯಂ ಅತಿಯಾದರೆ ಕೊಡಲು ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇದೆಯೇ, ಬೀರುವಿನ ಬೀಗದ ಕೈ ಮನೆಗೆ ಹೋದ ಫಾರ್ಮಸಿ ಅಧಿಕಾರಿಯ ಜೇಬಿನಲ್ಲಿ ಉಳಿದಿಲ್ಲವಷ್ಟೇ? ಸೋಮವಾರ ಸೋಮವಾರ ಟ್ರೇ ಎಣಿಸುವ ಕೆಲಸ ಯಾರ ಹೆಸರಿಗಿದೆ? ಡೋಸು ತಿಳಿದವರು ವೈದ್ಯರು. ಟ್ರೇ ಯಾವ ಹೊತ್ತಿನಲ್ಲೂ ತುಂಬಿರುವಂತೆ ನೋಡಿಕೊಳ್ಳಬಲ್ಲವರು ಆ ಆಸ್ಪತ್ರೆಯ ಮುಖ್ಯಸ್ಥರು.

ಫ್ಯಾಮಿಲಿ ಡಾಕ್ಟರನ್ನು ಇಂಥ ಮುಖ್ಯಸ್ಥರನ್ನಾಗಿ ಮಾಡುತ್ತೇವೆ ಎನ್ನುವ ತರಬೇತಿಗಳು ಬೆಂಗಳೂರಿನಲ್ಲಿ ಹಲವು ಬಗೆಯಲ್ಲಿವೆ. ಅವನ್ನು ನಾವು ಇದೇ ಹತ್ತು ಆಂಪೂಲಿನ ತಕ್ಕಡಿಯಲ್ಲಿ ತೂಗಿದ್ದೇವೆ. ಹಳ್ಳಿಗೆ ಹೋಗಲಿರುವ, ಅಥವಾ ಈಗಾಗಲೇ ಅಲ್ಲಿದ್ದು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ಕಲಿಯಬೇಕೆಂದಿರುವ ವೈದ್ಯರು ದುಡ್ಡು ಕಟ್ಟುವ ಮುನ್ನ ಓದಿಕೊಳ್ಳಲಿ ಎಂಬುದು ಉದ್ದೇಶ.

ಮೊದಲಿಗೆ ಮೂರು ವರ್ಷದ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್. ನೀಟ್ ಪಿಜಿ ಬರೆದು ಸೇರುವ, ರಾಷ್ಟ್ರೀಯ ಪರೀಕ್ಷಾ ಮಂಡಳಿ ಪದವಿ ಕೊಡುವ ಕೋರ್ಸು ಇದು. ಬೆಂಗಳೂರಿನಲ್ಲಿ ಇದನ್ನು ನಡೆಸುವ ಆಸ್ಪತ್ರೆಗಳಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯೂ ಒಂದು. 1973ರಲ್ಲಿ ಶುರುವಾದ ಈ ಆಸ್ಪತ್ರೆಗೆ ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಸಮುದಾಯ ಆರೋಗ್ಯದ ಕೆಲಸವೂ ಇದೆ. ವೈದ್ಯಕೀಯ ಕೈಚಳಕಕ್ಕೆ ಈ ದಾರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಮೆಡಿಸಿನ್, ಮಕ್ಕಳು, ಹೆರಿಗೆ, ಸರ್ಜರಿ ಎಲ್ಲ ವಿಭಾಗಗಳನ್ನೂ ಸುತ್ತಿ ಬಂದವರಿಗೆ ಹಳ್ಳಿಯಲ್ಲಿ ಎದುರಾಗುವ ಬಹುಪಾಲು ಕಾಯಿಲೆಗೆ ಧೈರ್ಯ ಬಂದಿರುತ್ತದೆ. ಆದರೆ ಡಿಎನ್‌ಬಿ ಎಂದರೆ ಎಲ್ಲ ಕಡೆಯೂ ಒಂದೇ ಎಂದುಕೊಳ್ಳಬೇಡಿ. ವಿಭಾಗದಿಂದ ವಿಭಾಗಕ್ಕೆ ತಿರುಗುವ ವಿದ್ಯಾರ್ಥಿಯನ್ನು ಯಾವ ವಿಭಾಗವೂ ತನ್ನ ಕೂಸು ಎಂದುಕೊಳ್ಳುವುದಿಲ್ಲ. ಐಸಿಯು ರಾತ್ರಿ ಪಾಳಿಗೆ ಆಳು ಕಡಿಮೆ ಬಿದ್ದಾಗ ಮೊದಲು ನೆನಪಾಗುವುದು ಅವರೇ. ಆದ್ದರಿಂದ ಸೇರುವ ಮುನ್ನ ಕೇಳಬೇಕಾದ್ದು ಇಷ್ಟು: ಮೂರು ವರ್ಷದಲ್ಲಿ ಎಷ್ಟು ತಿಂಗಳು ಆಸ್ಪತ್ರೆಯ ಗೋಡೆಯಾಚೆ? ಅಲ್ಲಿ ಮೇಲ್ವಿಚಾರಣೆ ಮಾಡುವವರು ಫ್ಯಾಮಿಲಿ ಮೆಡಿಸಿನ್ನಿನವರೇ, ಇಲ್ಲ ಫೋನಿನಲ್ಲಿ ಸಿಗುವ ತಜ್ಞರೇ? ಆ ತಿಂಗಳುಗಳಲ್ಲಿ ಮಾಡುವ ಕೆಲಸ ಹೊರರೋಗಿಗಳನ್ನು ನೋಡುವುದಷ್ಟೆಯೋ, ಔಷಧ ದಾಸ್ತಾನು ಮತ್ತು ಸಿಬ್ಬಂದಿ ಸಭೆಯೂ ಸೇರಿವೆಯೋ? ಸೀನಿಯರ್ ವಿದ್ಯಾರ್ಥಿಗಳ ಲಾಗ್‌ಬುಕ್ ತೆರೆಸಿ ನೋಡಿದರೆ ಉತ್ತರ ಅಲ್ಲೇ ಇರುತ್ತದೆ.

ಡಿಎನ್‌ಬಿಗೆ ಬರೆಯಬೇಕಾದ ಪ್ರಬಂಧದ ವಿಷಯ ಆರಿಸುವಲ್ಲೇ ಅನೇಕರು ಒಂದು ಅವಕಾಶ ಕಳೆದುಕೊಳ್ಳುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಸುಲಭಕ್ಕೆ ಸಿಗುವ ರೋಗಿಗಳ ಮೇಲೆ ಪ್ರಬಂಧ ಮುಗಿಸಿಬಿಡುವುದು ರೂಢಿ. ಅದರ ಬದಲು ಒಂದು ಉಪಕೇಂದ್ರದ ಬಿಪಿ ರೋಗಿಗಳಲ್ಲಿ ಎಷ್ಟು ಜನ ಮೂರು ತಿಂಗಳಲ್ಲಿ ವಾಪಸು ಬರಲಿಲ್ಲ, ಯಾಕೆ ಬರಲಿಲ್ಲ ಎಂಬಂಥ ಪ್ರಶ್ನೆ ಹಿಡಿದರೆ ಪದವಿಯ ಜೊತೆಗೆ ಆಸ್ಪತ್ರೆ ನಡೆಸುವ ಲೆಕ್ಕವೂ ಕೈಗೆ ಬರುತ್ತದೆ. ನೈತಿಕ ಸಮಿತಿಯ ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯಬಹುದು. ಹಳ್ಳಿಯ ಪೋಸ್ಟಿಂಗ್ ಮೂರನೇ ವರ್ಷಕ್ಕೆ ಬಿದ್ದಿದ್ದರೆ ಈ ಯೋಚನೆ ಅಲ್ಲಿಗೇ ನಿಲ್ಲುತ್ತದೆ, ಮೊದಲೇ ತಾರೀಖು ನೋಡಿಕೊಳ್ಳಿ.

ಮಂಡಳಿಯದೇ ಎರಡು ವರ್ಷದ ಡಿಪ್ಲೊಮಾವೂ ಇದೆ. ಡಿಎನ್‌ಬಿಯ ಮಾತು ಅದಕ್ಕೂ ಸಲ್ಲುತ್ತದೆ. ಸಮಯ ಕಡಿಮೆಯಾದ್ದರಿಂದ ಸಮುದಾಯದ ಭಾಗ ಇನ್ನೂ ತೆಳುವಾಗುವ ಅಪಾಯ ಇದೆ ಎಂಬುದೊಂದು ಎಚ್ಚರಿಕೆ.

ಎರಡನೆಯದು ದೂರಶಿಕ್ಷಣ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ನಡೆಸುವ ಎರಡು ವರ್ಷದ ಫ್ಯಾಮಿಲಿ ಮೆಡಿಸಿನ್ ಡಿಪ್ಲೊಮಾ ಈ ಬಗೆಯಲ್ಲಿ ಹೆಸರು ಮಾಡಿದೆ. ಸಮಸ್ಯೆಯಿಂದ ಶುರುವಾಗುವ ಸ್ವಯಂಕಲಿಕೆಯ ಪಾಠಪುಸ್ತಕಗಳು, ನಡುನಡುವೆ ಸಂಪರ್ಕ ತರಗತಿ. ಈಗಾಗಲೇ ಊರಲ್ಲಿ ಕ್ಲಿನಿಕ್ ಇಟ್ಟುಕೊಂಡವರಿಗೆ, ಪಿಎಚ್‌ಸಿಯಲ್ಲಿ ಒಬ್ಬರೇ ವೈದ್ಯರಾಗಿ ಇರುವವರಿಗೆ ನಾವು ಹೇಳುವುದು ಈ ಬಗೆಯನ್ನೇ. ಕಾರಣ ಸರಳ. ಭಾನುವಾರ ಓದಿದ್ದನ್ನು ಸೋಮವಾರ ಬೆಳಗ್ಗೆ ಸ್ವಂತ ರೋಗಿಯ ಮೇಲೆ ಪರೀಕ್ಷಿಸಬಹುದು, ಊರು ಬಿಡಬೇಕಿಲ್ಲ. ಕೊರತೆಯೂ ಅಷ್ಟೇ ಸರಳ: ಹೊಲಿಗೆ, ಹೆರಿಗೆ, ಉಸಿರ್ನಳಿಕೆಯಂಥ ಕೈಕೆಲಸ ಪುಸ್ತಕದಿಂದ ಬರುವುದಿಲ್ಲ. ಅದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ವಿಷಯ: ದೂರಶಿಕ್ಷಣದ ಯಾವುದೇ ಡಿಪ್ಲೊಮಾ ಇರಲಿ, ಅದನ್ನು ಹೆಸರಿನ ಮುಂದೆ ಹಾಕಿಕೊಳ್ಳಬಹುದೇ, ಬಡ್ತಿಗೋ ಬೋಧಕ ಹುದ್ದೆಗೋ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತು ನಂಬಬೇಡಿ. ಕಲಿಕೆ ಬೇಕಿದ್ದವರಿಗೆ ಇದು ದೊಡ್ಡ ವಿಷಯವಲ್ಲ, ಪದವಿ ಬೇಕಿದ್ದವರಿಗೆ ಇದೇ ದೊಡ್ಡದು.

ಸರ್ಕಾರಿ ಸೇವೆಗೆ ಸೇರಿದವರಿಗೆ ಮಾಗಡಿ ರಸ್ತೆಯ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಇದೆ. ಇಲ್ಲಿಯ ವಿಷಯಗಳು ಒಣ ಒಣ ಎನ್ನುವವರಿದ್ದಾರೆ. ಸೇವಾ ನಿಯಮ, ಹಣಕಾಸು ಸಂಹಿತೆ, ರಾಷ್ಟ್ರೀಯ ಕಾರ್ಯಕ್ರಮಗಳ ಮಾರ್ಗಸೂಚಿ ಎಂದರೆ ಯಾರಿಗೆ ತಾನೇ ಬಾಯಲ್ಲಿ ನೀರೂರುತ್ತದೆ? ಆದರೆ ಆಡಳಿತ ವೈದ್ಯಾಧಿಕಾರಿಯ ಕುರ್ಚಿಯಲ್ಲಿ ಕೂತವರು ಸಿಕ್ಕಿಹಾಕಿಕೊಳ್ಳುವುದು ರೋಗಿಯ ವಿಷಯಕ್ಕಿಂತ ವೋಚರಿನ ವಿಷಯದಲ್ಲೇ ಹೆಚ್ಚು. ಆರೋಗ್ಯ ರಕ್ಷಾ ಸಮಿತಿಯ ಹಣವನ್ನೇ ನೋಡಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ (ಎನ್‌ಆರ್‌ಎಚ್‌ಎಂ) ಶುರುವಾದ ಕಾಲದ ಲೆಕ್ಕದಲ್ಲಿ ಒಂದು ಪಿಎಚ್‌ಸಿಗೆ ವರ್ಷಕ್ಕೆ ಮುಕ್ತ ನಿಧಿ 25,000, ನಿರ್ವಹಣೆಗೆ 50,000, ಸಮಿತಿಗೆ 1 ಲಕ್ಷ ರೂಪಾಯಿ. ಒಟ್ಟು 1.75 ಲಕ್ಷ. ಸಮಿತಿ ಸಭೆ ನಡೆಯದೆ ಹಣ ಮಾರ್ಚಿನವರೆಗೆ ಕೂತು, ಕೊನೆಯ ವಾರದಲ್ಲಿ ಪ್ಲಾಸ್ಟಿಕ್ ಕುರ್ಚಿಗಳಾಗಿ ಬಂದಿಳಿಯುವುದನ್ನು ಬಲ್ಲವರು ಬಲ್ಲರು. ಏಪ್ರಿಲ್‌ನಲ್ಲೇ ಖರ್ಚಿನ ಪಟ್ಟಿಗೆ ನಡಾವಳಿ ಬರೆಸಿ ಸಹಿ ಮಾಡಿಸುವುದು ಹೇಗೆ, ದರಪಟ್ಟಿ ಹೇಗೆ ಕರೆಯುವುದು, ಬಳಕೆ ಪ್ರಮಾಣಪತ್ರ ಯಾವಾಗ ಕಳಿಸುವುದು ಎಂದು ಹೇಳಿಕೊಡುವ ಒಂದು ಮಧ್ಯಾಹ್ನ, ನಾಯಕತ್ವದ ಹತ್ತು ಉಪನ್ಯಾಸಕ್ಕೆ ಸಮ. ಖಾಸಗಿ ಮತ್ತು ಟ್ರಸ್ಟಿನ ವೈದ್ಯರಿಗೂ ಇದು ಸುಲಭಕ್ಕೆ ಸಿಗುವಂತಿದ್ದರೆ ಚೆನ್ನಾಗಿತ್ತು.

ಇನ್ನು ವಾರಾಂತ್ಯದ ನಾಯಕತ್ವ ಶಿಬಿರಗಳು. ಯಾರದೂ ಹೆಸರು ಹೇಳುವುದಿಲ್ಲ, ಹೆಸರು ಬದಲಾದರೂ ಅಚ್ಚು ಒಂದೇ. ಹೋಟೆಲಿನ ಹಾಲ್, ಎರಡು ದಿನ, ನಿಮ್ಮ ಸ್ವಭಾವ ಯಾವ ಬಣ್ಣದ್ದು ಎಂದು ಹೇಳುವ ಪ್ರಶ್ನಾವಳಿ, ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗ ಹಿಡಿದು ನಡೆಯುವ ಆಟ, ಕೊನೆಗೆ ಗುಂಪು ಫೋಟೊ. ಐಟಿ ಕಂಪನಿಯ ಮ್ಯಾನೇಜರುಗಳಿಗೆಂದು ಮಾಡಿದ ಸ್ಲೈಡುಗಳಲ್ಲಿ ‘ಗ್ರಾಹಕ’ ಇದ್ದಲ್ಲಿ ‘ರೋಗಿ’ ಎಂದು ತಿದ್ದಿರುತ್ತಾರೆ. ಕಂಪನಿಯ ಮ್ಯಾನೇಜರ್ ತನ್ನ ತಂಡಕ್ಕೆ ತಾನೇ ಆಳು ಆರಿಸಬಹುದು. ಪಿಎಚ್‌ಸಿ ವೈದ್ಯರಿಗೆ ಆ ಅನುಕೂಲ ಎಲ್ಲಿಯದು? ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಹಿಂದೆ ಎಎನ್‌ಎಂ ಎನ್ನುತ್ತಿದ್ದ ದಾದಿ) ತನಗಿಂತ ಇಪ್ಪತ್ತು ವರ್ಷ ಸೀನಿಯರ್, ಲ್ಯಾಬ್ ಟೆಕ್ನಿಷಿಯನ್ ವಾರದಲ್ಲಿ ಮೂರು ದಿನ ಬೇರೆ ಕೇಂದ್ರಕ್ಕೆ ನಿಯೋಜನೆ, ಆಶಾ ಕಾರ್ಯಕರ್ತೆಯರಿಗೆ ಪ್ರೋತ್ಸಾಹಧನ ಬಾಕಿ, ಆಂಬುಲೆನ್ಸ್ ತನ್ನ ಕೈಕೆಳಗಿಲ್ಲ. ಈ ಯಾವುದೂ ಗೊತ್ತಿಲ್ಲದ ಬೋಧಕರು ಕಲಿಸುವ ನಾಯಕತ್ವ ಪುರಾಣದ ಬದನೆಕಾಯಿ. ನಮ್ಮ ಸಲಹೆ: ಬೋಧಕರಲ್ಲಿ ಒಬ್ಬರಾದರೂ ಐದು ವರ್ಷ ಹಳ್ಳಿ ಆಸ್ಪತ್ರೆ ನಡೆಸಿದವರು ಇಲ್ಲದಿದ್ದರೆ ಆ ದುಡ್ಡಿಗೆ ಒಂದು ಒಳ್ಳೆಯ ಬಿಪಿ ಉಪಕರಣ ಕೊಳ್ಳಿ.

ಕೋರಮಂಗಲದ ಸೋಚಾರ ಸಂಸ್ಥೆಯ ಸಮುದಾಯ ಆರೋಗ್ಯ ಕಲಿಕೆ ಬೇರೆಯೇ ಜಾತಿಯದು. 1984ರಲ್ಲಿ ಶುರುವಾದ ಸಮುದಾಯ ಆರೋಗ್ಯ ಕೋಶದಿಂದ ಬೆಳೆದ ಸಂಸ್ಥೆ. ಜಾತಿ, ಭೂಮಿ, ಕೂಲಿ, ನೀರು ಇವೆಲ್ಲ ಕಾಯಿಲೆಯೊಳಗೆ ಹೇಗೆ ಸೇರಿಕೊಂಡಿವೆ ಎಂದು ನೋಡಲು ಕಲಿಸುತ್ತದೆ. ಇಲ್ಲಿ ದಾಸ್ತಾನಿನ ಲೆಕ್ಕ ಸಿಗುತ್ತದೆಂದು ಹೋಗಬೇಡಿ. ಆಸ್ಪತ್ರೆಗೆ ಬಾರದವರು ಯಾಕೆ ಬರುವುದಿಲ್ಲ ಎಂದು ಕೇಳುವ ಅಭ್ಯಾಸ ಬೇಕಿದ್ದರೆ ಹೋಗಿ.

ಯಾವ ಕೋರ್ಸೇ ಆಗಲಿ, ಈ ಮುಂದಿನವುಗಳಲ್ಲಿ ಅರ್ಧದಷ್ಟನ್ನಾದರೂ ಕೈಯಾರೆ ಮಾಡಿಸಿದರೆ ಒಳ್ಳೆಯದೆಂದು ತಿಳಿಯಬಹುದು.

ಜನಸಂಖ್ಯೆಯ ಲೆಕ್ಕದಿಂದ ಶುರು ಮಾಡೋಣ. ಬಯಲುಸೀಮೆಯಲ್ಲಿ ಒಂದು ಪಿಎಚ್‌ಸಿಗೆ 30,000 ಜನ, ಗುಡ್ಡಗಾಡಿನಲ್ಲಿ 20,000. ಜನನ ಪ್ರಮಾಣ ಸಾವಿರಕ್ಕೆ 16 ಎಂದು ಹಿಡಿದರೆ 30,000 ಜನರಲ್ಲಿ ವರ್ಷಕ್ಕೆ 480 ಹೆರಿಗೆ. ಗರ್ಭಪಾತ, ನಿರ್ಜೀವ ಜನನಕ್ಕೆಂದು ನೂರಕ್ಕೆ ಹತ್ತು ಸೇರಿಸಿದರೆ 528 ಗರ್ಭಿಣಿಯರು. ಯಾವುದೇ ದಿನ ಗರ್ಭಿಣಿಯರ ರಿಜಿಸ್ಟರ್ ತೆರೆದರೂ ಅದರ ಅರ್ಧ, ಸುಮಾರು 264 ಹೆಸರು ಇರಬೇಕು. ಯೋಜನೆಯ ಲೆಕ್ಕಕ್ಕೆ ನೂರಕ್ಕೆ 15 ಜನರಿಗೆ ತೊಡಕು ಬರಬಹುದೆಂದು ಹಿಡಿಯುತ್ತಾರೆ, ಅಂದರೆ ಆ 264ರಲ್ಲಿ ಸುಮಾರು 40 ಜನ. ಈಗ ರಿಜಿಸ್ಟರಿನಲ್ಲಿ 190 ಹೆಸರಷ್ಟೇ ಇವೆ ಎಂದುಕೊಳ್ಳಿ. ಉಳಿದ 74 ಜನ ಎಲ್ಲಿ? ಚೊಚ್ಚಲಿಗೆ ತವರಿಗೆ ಹೋದರೇ? ಬೆಂಗಳೂರಿನ ಸ್ಕ್ಯಾನಿಂಗ್ ಸೆಂಟರಿಗೆ ನೇರವಾಗಿ ಹೋಗುತ್ತಿದ್ದಾರೆಯೇ? ಇಟ್ಟಿಗೆ ಗೂಡಿಗೆ ಬಂದ ವಲಸೆ ಕುಟುಂಬಗಳನ್ನು ಯಾರೂ ಎಣಿಸಲೇ ಇಲ್ಲವೇ? ಅಥವಾ ಜನಸಂಖ್ಯೆಯ ಅಂಕಿಯೇ ಹಳೆಯದೇ? ಕಾಗದದ ಮೇಲಿನ ಗುಣಾಕಾರ ಐದು ನಿಮಿಷದ ಕೆಲಸ. ಆ 74ರ ಬೆನ್ನು ಹತ್ತಿ ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆಗೆ ಹೋಗುವುದೇ ನಿಜವಾದ ಪಾಠ. ಆ ಪಾಠ ಇಲ್ಲದ ಕೋರ್ಸು ಅಂಕಗಣಿತದ ಕೋರ್ಸು.

ಔಷಧ ದಾಸ್ತಾನಿನ ಲೆಕ್ಕವಂತೂ ಎಲ್ಲರೂ ಗೊತ್ತು ಎಂದುಕೊಂಡು ಎಡವುವ ಜಾಗ. 400 ಬಿಪಿ ರೋಗಿಗಳು ದಿನಕ್ಕೊಂದರಂತೆ ಅಮ್ಲೋಡಿಪಿನ್ 5 ಮಿಗ್ರಾಂ ನುಂಗುತ್ತಾರೆಂದರೆ ತಿಂಗಳಿಗೆ 12,000 ಮಾತ್ರೆ. ಬೇಡಿಕೆ ಕಳಿಸಿ ಮಾಲು ಬರಲು ಎರಡು ತಿಂಗಳು, ಆಪತ್ತಿಗೆಂದು ಒಂದು ತಿಂಗಳು. ಹಾಗಾಗಿ ದಾಸ್ತಾನು 36,000ಕ್ಕೆ ಇಳಿದ ದಿನವೇ ಹೊಸ ಬೇಡಿಕೆ ಹೋಗಬೇಕು. ಇಲ್ಲಿಯವರೆಗೆ ಎಲ್ಲರೂ ಸರಿ. ತಪ್ಪುವುದು ಸರಾಸರಿ ತೆಗೆಯುವಾಗ. ಆರು ತಿಂಗಳಲ್ಲಿ ನಾಲ್ಕು ತಿಂಗಳು 12,000 ಖರ್ಚಾಗಿ, ಎರಡು ತಿಂಗಳು ಮಾತ್ರೆಯೇ ಇಲ್ಲದೆ ಬಳಕೆ ಸೊನ್ನೆ ಎಂದು ಬರೆದಿದ್ದರೆ, ಒಟ್ಟು 48,000ವನ್ನು ಆರರಿಂದ ಭಾಗಿಸಿ ತಿಂಗಳಿಗೆ 8,000 ಸಾಕು ಎಂದುಬಿಡುತ್ತಾರೆ. ಮುಂದಿನ ಬಾರಿ ಕಡಿಮೆ ಬರುತ್ತದೆ, ಮತ್ತೆ ಬೇಗ ಮುಗಿಯುತ್ತದೆ, ಸರಾಸರಿ ಮತ್ತೂ ಇಳಿಯುತ್ತದೆ. ಮೇಲಿನವರು ಔಷಧ ಕೊಡುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ನಮ್ಮದೇ ಈ ಭಾಗಾಕಾರ. ಮಾತ್ರೆ ಇದ್ದ ತಿಂಗಳುಗಳಿಂದ ಮಾತ್ರ ಭಾಗಿಸಬೇಕು. ಬೇಗ ಅವಧಿ ಮುಗಿಯುವ ಡಬ್ಬವನ್ನು ಮುಂದಕ್ಕಿಡುವುದು, ಜೀವ ಉಳಿಸುವ ಔಷಧಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ವಾರವಾರ ಎಣಿಸುವುದು, ಆಕ್ಸಿಟೋಸಿನ್ ಬೀರುವಿನಲ್ಲಿಲ್ಲದೆ 2ರಿಂದ 8 ಡಿಗ್ರಿ ತಂಪಿನಲ್ಲಿರುವುದು, ಇವೂ ಅದೇ ಪಾಠದ ಭಾಗ. ಆಕ್ಸಿಟೋಸಿನ್ ಬಿಸಿಲಿಗೆ ಸತ್ವ ಕಳೆದುಕೊಂಡರೆ ಆಂಪೂಲು ನೋಡಲು ಹಾಗೇ ಇರುತ್ತದೆ. ಹೆರಿಗೆಯ ನಂತರ 10 ಯೂನಿಟ್ ಕೊಟ್ಟರೂ ರಕ್ತ ನಿಲ್ಲದಿದ್ದಾಗಲೇ ಗೊತ್ತಾಗುವುದು.

ಅಂಕಿಅಂಶದಲ್ಲಿ ತಮಗೆ ತಾವೇ ಮೋಸ ಮಾಡಿಕೊಳ್ಳದಿರುವುದು ಇನ್ನೊಂದು ವಿದ್ಯೆ. ಅದೇ 400 ರೋಗಿಗಳಲ್ಲಿ ಈ ಮೂರು ತಿಂಗಳಲ್ಲಿ ಬಂದವರು 220, ಅವರಲ್ಲಿ 140/90ಕ್ಕಿಂತ ಕೆಳಗೆ ಇದ್ದವರು 160. ಬಂದವರ ಲೆಕ್ಕದಲ್ಲಿ ಹತೋಟಿ 73%. ನೋಂದಾಯಿಸಿದವರ ಲೆಕ್ಕದಲ್ಲಿ 40%. ಪಾರ್ಶ್ವವಾಯು ಬರುವುದು ಬಾರದೆ ಹೋದ ಆ 180 ಜನರಲ್ಲೇ ಹೆಚ್ಚು. ಮಾಸಿಕ ಸಭೆಗೆ 73 ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. 40 ಬರೆದು, ಬಾರದವರ ಹೆಸರಿನ ಪಟ್ಟಿಯನ್ನು ಉಪಕೇಂದ್ರವಾರು ಹರಿದು ಸಮುದಾಯ ಆರೋಗ್ಯಾಧಿಕಾರಿಗಳ ಕೈಗೆ ಕೊಡುವುದನ್ನು ಕಲಿಸುವ ತರಗತಿ ನಮಗೆ ಬಹಳ ಇಷ್ಟ.

ಮೇಲ್ವಿಚಾರಣೆಗೆ ಹೋದಾಗ ಏನು ನೋಡಬೇಕು ಎಂಬುದಕ್ಕೂ ಕೈಚಳಕ ಬೇಕು. ರಿಜಿಸ್ಟರಿಗೆ ಸಹಿ ಹಾಕಿ ಟೀ ಕುಡಿದು ಬರುವುದು ಮೇಲ್ವಿಚಾರಣೆ ಅಲ್ಲ. ಐದು ತಾಯಿ ಕಾರ್ಡ್ ಎತ್ತಿಕೊಂಡು ಮೂರು ಮನೆಗೆ ಹೋಗಿ. ಪುಟದ ತುಂಬ ಬಿಪಿ 120/80 ಎಂದೇ ಇದ್ದರೆ, ಹಿಮೋಗ್ಲೋಬಿನ್ ಎಲ್ಲರಿಗೂ 10.2 ಇದ್ದರೆ, ಅಳತೆ ನಡೆದಿಲ್ಲ ಎಂದರ್ಥ. ಆದರೆ ಅಲ್ಲೇ ಗದರಿಸಿದರೆ ಮುಂದಿನ ತಿಂಗಳು 118/76, 122/82 ಎಂದು ಬರೆಯುವಷ್ಟು ಜಾಣತನ ಬರುತ್ತದೆ, ಅಳತೆ ಬರುವುದಿಲ್ಲ. ಮೊದಲು ಉಪಕರಣ ನೋಡಿ, ತೋಳಿಗೆ ಸುತ್ತುವ ಪಟ್ಟಿಯಲ್ಲಿ ಗಾಳಿ ಸೋರುತ್ತಿದೆಯೇ, ಹಿಮೋಗ್ಲೋಬಿನ್ ಅಳೆಯುವ ಸ್ಟ್ರಿಪ್ ಮುಗಿದು ಎಷ್ಟು ದಿನವಾಯಿತು. ‘ಸಿಸ್ಟರ್, ಇದು ಕೆಟ್ಟು ಎಷ್ಟು ದಿನ ಆಯ್ತು? ಯಾರಿಗೆ ಹೇಳಿದ್ರಿ?’ ಎಂಬ ಪ್ರಶ್ನೆಯಿಂದ ಶುರುವಾದ ಮಾತು ಎಲ್ಲಿಗೆ ಹೋಗುತ್ತದೆ, ‘ಯಾಕ್ರೀ ಸುಳ್ಳು ಬರ್ದಿದ್ದೀರಿ?’ ಎಂದು ಶುರುವಾದದ್ದು ಎಲ್ಲಿ ನಿಲ್ಲುತ್ತದೆ ಎಂದು ಪಾತ್ರ ಹಾಕಿಸಿ ಆಡಿಸುವ ಕೋರ್ಸುಗಳಿವೆ. ಹಿರಿಯ ದಾದಿಯ ಪಾತ್ರಕ್ಕೆ ನಿಜವಾದ ಹಿರಿಯ ದಾದಿಯನ್ನೇ ಕರೆಸಿದ್ದರೆ ಆ ಕೋರ್ಸಿಗೆ ಕಣ್ಣುಮುಚ್ಚಿ ಸೇರಬಹುದು.

ಹಾವು ಕಡಿತದ ಅಣಕು ಕಸರತ್ತು ಮಾಡಿಸುತ್ತಾರೆಯೇ ಎಂದೂ ಕೇಳಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ. ವಿಷದ ಲಕ್ಷಣ ಇದ್ದರೆ ಮೊದಲ ಕಂತು 10 ವಯಲ್ ಪ್ರತಿವಿಷ, ಒಂದೊಂದಕ್ಕೆ 10 ಮಿಲಿ ದ್ರಾವಕ, ಪ್ರತಿವಿಷ ಮೈಗೆ ಒಗ್ಗದಿದ್ದರೆ ಕೊಡಲು ಪಕ್ಕದಲ್ಲಿ ಅಡ್ರಿನಾಲಿನ್ ಎಳೆದಿಟ್ಟ ಸಿರಿಂಜು. ಇದು ಪುಸ್ತಕ. ಕಸರತ್ತಿನಲ್ಲಿ ಹೊರಬೀಳುವುದು ಬೇರೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ, ಶುದ್ಧ ಗಾಜಿನ ನಳಿಕೆಯೇ ಬೇಕು. ಸೋಪಿನ ಪುಡಿಯಲ್ಲಿ ತೊಳೆದಿಟ್ಟ ನಳಿಕೆಯಲ್ಲೂ ಪ್ಲಾಸ್ಟಿಕ್ಕಿನದರಲ್ಲೂ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದು ಸುಮ್ಮಸುಮ್ಮನೆ ಪ್ರತಿವಿಷ ಕೊಡುವಂತಾಗುತ್ತದೆ. ಪ್ರತಿವಿಷ ಕರಗಿಸಲು ಡಬ್ಬಿ ಕುಲುಕಿದರೆ ನೊರೆ ಏಳುತ್ತದೆ, ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು. ಹತ್ತು ವಯಲ್ ಕರಗಿಸಲು ಒಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿದವರು ರಾತ್ರಿ ಪಾಳಿಗೆ ಒಬ್ಬರೇ ದಾದಿಯನ್ನು ಬಿಡಲು ಹಿಂಜರಿಯುತ್ತಾರೆ.

ಆಸ್ಪತ್ರೆಯ ಕಾಂಪೌಂಡಿನ ಆಚೆಯ ಅಧಿಕಾರ ವೈದ್ಯರದಲ್ಲ. ವಾಂತಿಭೇದಿ ಶುರುವಾದಾಗ ಬೇಕಾದ ಮನುಷ್ಯ ನೀರುಗಂಟಿ, ಅವನಿಗೆ ಹೇಳಬೇಕಾದವರು ಪಿಡಿಒ. ಯಾವ ದಿನ ಯಾವ ಮನೆಯಲ್ಲಿ ಎಂದು ಪಟ್ಟಿ ಮಾಡಿ ಊರಿನ ನಕ್ಷೆಯ ಮೇಲೆ ಚುಕ್ಕೆ ಇಟ್ಟು, ಯಾವ ಟ್ಯಾಂಕಿನ ನೀರು ಎಂದು ಗುರುತಿಸಿ, ಪಂಚಾಯಿತಿಗೆ ಬರಹದಲ್ಲಿ ಕೊಡುವಷ್ಟು ಅಭ್ಯಾಸ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ, ಒಂದು ಗಂಟೆ ಬಿಟ್ಟು ನೀರು ಹರಿಸುವುದು, ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಗ್ರಾಂ ಕ್ಲೋರಿನ್ ಉಳಿದಿದೆಯೇ ನೋಡುವುದು. ಲೆಕ್ಕ ಸರಿ ಇದ್ದೂ ನಲ್ಲಿಯಲ್ಲಿ ಕ್ಲೋರಿನ್ ಕಾಣದಿದ್ದರೆ ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ಬಾಯಿ ತೆರೆದು ಕೂತ ಚೀಲವನ್ನು ನೋಡಿ. ತೇವ ಕುಡಿದ ಪೌಡರಿನಲ್ಲಿ ಕ್ಲೋರಿನ್ ಹೊರಟುಹೋಗಿರುತ್ತದೆ, ಉಳಿದಿರುವುದು ಸುಣ್ಣ.

ಕ್ಷೇತ್ರ ಭೇಟಿಯ ವಿಷಯದಲ್ಲಿ ಬೆಂಗಳೂರಿನ ಕೋರ್ಸುಗಳು ಒಂದು ಸುಲಭದ ದಾರಿ ಹಿಡಿಯುತ್ತವೆ. ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಕರೆದೊಯ್ದು ಇದೇ ಪ್ರಾಥಮಿಕ ಆರೋಗ್ಯ ಎಂದು ತೋರಿಸುವುದು. ನೋಡಲಿ, ತಪ್ಪಿಲ್ಲ. ಆದರೆ ಆಟೋದಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಬಹುದಾದ ಊರಿನಲ್ಲಿ ‘ಕಳಿಸಬೇಕೇ, ಇಲ್ಲೇ ಇಟ್ಟುಕೊಳ್ಳಬೇಕೇ’ ಎಂಬ ಪ್ರಶ್ನೆಗೆ ತೂಕವೇ ಇಲ್ಲ. ಆ ತೂಕ ತಿಳಿಯಬೇಕಾದರೆ ದೂರ ಹೋಗಬೇಕು. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿಯನ್ನು 1996ರಲ್ಲಿ ಸರ್ಕಾರ ಕರುಣಾ ಟ್ರಸ್ಟಿಗೆ ವಹಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ಆಸ್ಪತ್ರೆ ಇದೆ. ಇಂಥ ಕಡೆ ಕನಿಷ್ಠ ಎರಡು ವಾರ ಉಳಿಯುವ ಅವಕಾಶ ಇರುವ ಕೋರ್ಸನ್ನು ನಾವು ಒಂದು ಮೆಟ್ಟಿಲು ಮೇಲಿಡುತ್ತೇವೆ. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮರಳುವುದು ಪ್ರವಾಸ.

ತರಬೇತಿ ಎಷ್ಟೇ ಚೆನ್ನಾಗಿದ್ದರೂ ಊರಿಗೆ ಮರಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ತುಮಕೂರಿನ ಉದಾಹರಣೆ ಕಣ್ಣಮುಂದಿದೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2009ರಿಂದ ಆ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ತರಗತಿಯ ಜೊತೆಗೆ ಅವರ ಕೆಲಸದ ಜಾಗಕ್ಕೇ ಹೋಗಿ ಮಾರ್ಗದರ್ಶನ ಕೊಡುವ ಕಾರ್ಯಕ್ರಮ ನಡೆಸಿತು. ಪಾಠ ಎಲ್ಲರಿಗೂ ಒಂದೇ, ಫಲ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಕಲಿತವರಿಗೆ ಕೆಲಸದ ಮೇಲೆ ಎಷ್ಟು ಬದ್ಧತೆ, ತನ್ನಿಂದ ಆಗುತ್ತದೆ ಎಂಬ ನಂಬಿಕೆ ಎಷ್ಟು, ಸುತ್ತಲಿನ ವ್ಯವಸ್ಥೆ ಅದಕ್ಕೆ ಜಾಗ ಕೊಡುತ್ತದೆಯೇ ಎಂಬುದರ ಮೇಲೆ ಅದು ನಿಂತಿತ್ತು. ಹಾಗಾಗಿ ವೈದ್ಯರೊಬ್ಬರನ್ನೇ ಕರೆಸುವ ಕೋರ್ಸಿಗಿಂತ, ವೈದ್ಯರ ಜೊತೆ ಒಬ್ಬ ದಾದಿಯನ್ನೋ ಫಾರ್ಮಸಿ ಅಧಿಕಾರಿಯನ್ನೋ ಕರೆಸುವ ಕೋರ್ಸು ವಾಸಿ. ಒಬ್ಬರೇ ಕಲಿತು ಹೋದರೆ ‘ಸರ್ ಬೆಂಗಳೂರಿಗೆ ಹೋಗಿ ಬಂದ್ರು, ಎರಡು ವಾರ ಹಿಂಗೇ’ ಎಂದು ಉಳಿದವರು ಕಾದು ಕೂರುತ್ತಾರೆ. ಮುಗಿದ ಮೇಲೆ 30ನೇ ದಿನ, 90ನೇ ದಿನ ಬೋಧಕರೇ ಫೋನ್ ಮಾಡಿ ‘ಟ್ರೇ ಎಣಿಸಿದಿರಾ?’ ಎಂದು ಕೇಳುವ ಏರ್ಪಾಡು ಇದೆಯೇ ನೋಡಿ.

ಖರ್ಚು. ಫೀಸನ್ನು ಎಲ್ಲರೂ ಕೇಳುತ್ತಾರೆ, ಬದಲಿ ವೈದ್ಯರ ಖರ್ಚನ್ನು ಲೆಕ್ಕ ಹಾಕುವವರು ಕಡಿಮೆ. ಒಬ್ಬರೇ ವೈದ್ಯರಿರುವ ಕ್ಲಿನಿಕ್ಕಿನಲ್ಲಿ ತಿಂಗಳಿಗೆ ಎರಡು ದಿನ ಬಾಗಿಲು ಹಾಕುವುದೆಂದರೆ ಹತ್ತು ತಿಂಗಳ ಕೋರ್ಸಿಗೆ 20 ದಿನದ ಗಳಿಕೆ ಹೋಯಿತು, ಅದಕ್ಕಿಂತ ಹೆಚ್ಚಾಗಿ ರೋಗಿಗಳ ರೂಢಿ ತಪ್ಪಿತು. ಪಾವಗಡದಿಂದಲೋ ಚಾಮರಾಜನಗರದಿಂದಲೋ ಬರುವವರಿಗೆ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಕೋರಮಂಗಲದಲ್ಲಿ ತರಗತಿ ಎಂದರೆ ಶುಕ್ರವಾರವೇ ಹೊರಡಬೇಕು. ಮೆಜೆಸ್ಟಿಕ್‌ವರೆಗೆ ಬಂದ ಬಸ್ಸಿಗಿಂತ ಅಲ್ಲಿಂದ ಮುಂದಿನ ಬಸ್ಸೇ ಹೆಚ್ಚು ಸತಾಯಿಸುತ್ತದೆ. ಹನ್ನೊಂದಕ್ಕೆ ಶುರು ಮಾಡಿ ಭಾನುವಾರ ಮೂರಕ್ಕೆ ಬಿಡುವ ಕೋರ್ಸು ಹಳ್ಳಿಯವರನ್ನು ಮನಸ್ಸಿನಲ್ಲಿಟ್ಟುಕೊಂಡಿದೆ ಎಂದು ವೇಳಾಪಟ್ಟಿಯಿಂದಲೇ ಹೇಳಬಹುದು. ಕಲಿಸುವ ಭಾಷೆಯನ್ನೂ ಕೇಳಿ. ಸಭೆ ನಡೆಸುವುದು, ಕೆಟ್ಟ ಸುದ್ದಿ ಹೇಳುವುದು, ಪಂಚಾಯಿತಿಯಲ್ಲಿ ಮಾತಾಡುವುದು ಇವನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿಸಿದರೆ ಊರಲ್ಲಿ ನಾಲಿಗೆ ಹೊರಳುವುದಿಲ್ಲ.

ನಮ್ಮ ಆಯ್ಕೆ ಹೀಗೆ: ಈಗಷ್ಟೇ ಎಂಬಿಬಿಎಸ್ ಮುಗಿಸಿ ಮೂರು ವರ್ಷ ಕೊಡಬಲ್ಲವರಿಗೆ, ಹಳ್ಳಿಯ ಕೆಲಸ ನಿಜವಾಗಿ ಇರುವ ಆಸ್ಪತ್ರೆಯ ಡಿಎನ್‌ಬಿ. ಊರಲ್ಲೇ ಇರುವವರಿಗೆ ದೂರಶಿಕ್ಷಣದ ಡಿಪ್ಲೊಮಾ, ಅದರ ಜೊತೆಗೆ ಗುಂಬಳ್ಳಿಯಂಥ ಕಡೆ ಎರಡು ವಾರ. ಸರ್ಕಾರಿ ವೈದ್ಯರು ಮಾಗಡಿ ರಸ್ತೆಯ ಹಣಕಾಸಿನ ತರಗತಿಯಲ್ಲಿ ತೂಕಡಿಸಬಾರದು. ಹೋಟೆಲಿನ ಶಿಬಿರಕ್ಕೆ ಬೇರೆಯವರು ದುಡ್ಡು ಕಟ್ಟಿದರೆ ಹೋಗಿ, ಊಟ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಯಾವುದಕ್ಕೆ ಸೇರುವುದಾದರೂ ಹೊರಡುವ ಮುನ್ನ ನಿಮ್ಮ ಹೆರಿಗೆ ಕೋಣೆಯ ಟ್ರೇ ಎಣಿಸಿ, ಇದ್ದ ಆಂಪೂಲುಗಳ ಸಂಖ್ಯೆಯನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ. ಕೋರ್ಸು ಮುಗಿದು ಆರು ತಿಂಗಳಿಗೆ, ಯಾರಿಗೂ ಹೇಳದೆ, ರಾತ್ರಿ ಪಾಳಿಯಲ್ಲಿ ಮತ್ತೊಮ್ಮೆ ಎಣಿಸಿ.